ನೀರು ನೋಡ್ಲಾಕ ಹೊಂಟಾಗ ನೀರು ಬಿಡಬ್ಯಾಡ್ರಿ

ನಾ ನಾರ್ವೆಯಿಂದ ಬಂದು ಹದಿನೈದು ದಿನ ಆಯ್ತು. ಬಂದಾಗಿಂದ ಓಣ್ಯಾಗ ಎಲ್ಲಾರದೂ ಒಂದೇ ಮಾತು. "ಏನೇನು ನೋಡಿ ಬಂದ್ರಿ? ಫೋಟೋ ತೋರಿಸ್ರಿ." ಫೋಟೋ ತೋರಿಸೀನಿ. ಬೆಟ್ಟ, ನೀರು, ಕೆಂಪು ಹಳದಿ ಕಟಗಿ ಮನಿಗೋಳು, ಅವುಗಳ ಮುಂದ ಇಲಕಲ್ ಸೀರಿ ಮ್ಯಾಲ ಮಗಳ ರೇನಕೋಟ ಹಾಕ್ಕೊಂಡು, ಕಾಲಾಗ ಬೂಟು ಮೆಟ್ಟಿ ನಿಂತ ನಾನು. ನೋಡಿದವ್ರೆಲ್ಲ ಹೊಟ್ಟಿ ಹಿಡ್ಕೊಂಡು ನಕ್ಕಾರ. ನಗ್ಲಿ. ಆದ್ರ ಫೋಟೋದಾಗ ಬರದ ಮಾತು ಒಂದು ಅದ. ಅದನ್ನ ಬಾಯಿಲೆ ಹೇಳ್ಬೇಕಂದ್ರ ಮನ್ಯಾಗ ಗಂಡಸ್ರು ಕುಂತಿರ್ತಾರ, ಹುಡುಗ್ರು ಅಡ್ಯಾಡ್ತಿರ್ತಾವ. ಅದಕ್ಕ ಬರೀಲತ್ತೀನಿ.

ಮಾತು ಇಷ್ಟೇ. ನಾವು ಹೆಣ್ಮಕ್ಕಳು ಊರು ನೋಡ್ಲಾಕ ಹೊಂಟ ದಿನ ನೀರು ಕುಡಿಯಂಗಿಲ್ಲ. ಈ ರೂಢಿ ನಾವು ಬಿಡಬೇಕು. ಬಿಡಬೇಕಂದ್ರ ನೀರು ಕುಡಿದ ಮ್ಯಾಲ ಎಲ್ಲಿಗಿ ಹೋಗ್ಬೇಕು ಅನ್ನೋದನ್ನ ನಾಚಿಕಿ ಬಿಟ್ಟು ಮೊದಲೇ ಕೇಳೋದು ಕಲೀಬೇಕು.

ನನ್ನ ಮಗಳು ಅಳಿಯ ಇರೋದು ಬರ್ಗನ್ ಅನ್ನೋ ಊರಾಗ. ನಾರ್ವೆ ದೇಶದ ಪಡುವಣ ದಂಡಿ ಮ್ಯಾಲ ಸಮುದ್ರಕ್ಕ ಹತ್ತಿ ಇರೋ ಊರು ಅದು. ಸುತ್ತ ಏಳು ಬೆಟ್ಟ. ವರ್ಷದಾಗ 200 ದಿನಕ್ಕಿಂತ ಹೆಚ್ಚು ಮಳಿ. ನಾವಿಲ್ಲಿ ತೊಗರಿಗಿ ಒಂದು ಮಳಿ ಬಿದ್ರ ಸಾಕು ಅಂತ ಮುಗಿಲು ನೋಡ್ಕೊಂತ ಕೂಡ್ತೀವಿ, ಅಲ್ಲಿ ಮಂದಿ ಒಂದೀಟು ಬಿಸಿಲು ಬಿತ್ತಂದ್ರ ಹೊರಗ ಬಂದು ಮುಖ ಮ್ಯಾಲ ಮಾಡಿ ಕೂಡ್ತಾರ. ನಾ ಹೋಗಿದ್ದು ಜೂನ್ ತಿಂಗಳ. ಹೊತ್ತು ಮುಳುಗೋದು ರಾತ್ರಿ 11 ಗಂಟೆಕ್ಕ! ದೇವರ ಮುಂದ ದೀಪ ಹಚ್ಚೋ ಹೊತ್ತು ಯಾವುದು ಅಂತ ತಿಳೀಲಾರದೆ ಗಡಿಯಾರ ನೋಡಿ ಹಚ್ಚೀನಿ.

ಒಂದು ಐತವಾರ ಮಗಳು ಅಂದಳು, "ಅವ್ವಾ, ನಾಳಿ ಅಲ್ಲ ನಾಡದು ರಜಾ ತಗೊಂಡೀನಿ. ಬೋಟಿನಾಗ ಹೋಗೋಣ. ಮಧ್ಯಾಹ್ನ ಬಂದು ಊರು ನಡ್ಕೊಂತ ನೋಡೋಣ." ಹೂಂ ಅಂದೆ.

ಆ ದಿನ ಮುಂಜಾನೆ ಎದ್ದು ಜಳಕಾ ಮಾಡಿ ಬುತ್ತಿ ಕಟ್ಟಿದೆ. ಇಲ್ಲಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲ ಒಂದೀಟು ಉಳ್ಳಾಗಡ್ಡಿ. ಮಗಳು ಚಹಾ ಕೊಟ್ಟಳು. ಅರ್ಧಾ ಕುಡಿದು ಕಪ್ಪು ಇಟ್ಟೆ. ನೀರಂತೂ ಮುಟ್ಟಲಿಲ್ಲ. ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ, ಕೈ ತಾನಾಗೇ ಹಿಂದ ಸರೀತು. "ಚಹಾ ಯಾಕ ಬಿಟ್ಟಿ?" ಅಂತ ಮಗಳು ಕೇಳಿದ್ಲು. "ಸಾಕಾಯ್ತವ್ವ" ಅಂದೆ.

ಬೋಟ ಊರ ನಡುವಿನ ಬಂದರದಿಂದ, ಮೀನ ಬಜಾರದ ಹತ್ತರದಿಂದ ಬಿಡ್ತದ. ಬಜಾರದ ವಾಸನಿಗಿ ನಾ ಸೆರಗು ಮೂಗಿಗಿ ಹಿಡಿದು ದಾಟೀನಿ, ಅದನ್ನೇನು ಕೇಳ್ತೀರಿ. ಒಳಗ ಗಾಜಿನ ಕಿಟಕಿ, ಮೆತ್ತನ ಖುರ್ಚಿ. ಹೋಗಿ ಬರೋದು ಮೂರು, ಮೂರೂವರಿ ತಾಸು. ಊರು ಹಿಂದ ಬಿದ್ದ ಮ್ಯಾಲ ಎರಡೂ ಕಡಿ ಬೆಟ್ಟ ಸನೇಕ ಬರ್ತಾವ. ಅದಕ್ಕ ಫಿಯೋರ್ಡ್ ಅಂತಾರ. ಭಾಳ ಹಿಂದ ಹಿಮದ ನದಿಗೋಳು ಬೆಟ್ಟ ಕೊರದು ಆಳನ ಕಣಿವಿ ಮಾಡ್ಯಾವ, ಹಿಮ ಕರಗಿದ ಮ್ಯಾಲ ಸಮುದ್ರ ಅದರೊಳಗ ಹೊಕ್ಕದ. ಸಮುದ್ರ ಕೈ ಚಾಚಿ ಬೆಟ್ಟದ ಕಿಸೆದಾಗ ಇಟ್ಟಂಗ. ಆ ದೇಶದಾಗ ಎಲ್ಲಕ್ಕೂ ಉದ್ದಂದು ಸೋಗ್ನೆ ಫಿಯೋರ್ಡ್, 205 ಕಿಲೋಮೀಟರ್ ಒಳಗ ಹೋಗ್ಯಾದಂತ, ಆಳ 1,300 ಮೀಟರಿಗಿಂತ ಹೆಚ್ಚು. ನಾವು ಹೋಗಿದ್ದು ಅದಲ್ಲ, ಓಸ್ಟರ್ ಫಿಯೋರ್ಡ್ ಅನ್ನೋ ಸಣ್ಣದು. ನನಗ ಅದೇ ದೊಡ್ಡದು ಅನಸ್ತು. ನೀರು ಕಪ್ಪು ಹಸರು, ಅಲುಗಾಡಲ್ಲ. ದಂಡಿ ಮ್ಯಾಲ ಅಲ್ಲೊಂದು ಇಲ್ಲೊಂದು ಮನಿ. ಇಷ್ಟು ದೂರ ಒಂಟಿ ಮನ್ಯಾಗ ಆ ಹೆಣ್ಮಗಳು ಹೆಪ್ಪು ಬೇಕಾದ್ರ ಯಾರ ಮನಿಗಿ ಹೋಗ್ತಾಳ ಅಂತ ನನಗ ವಿಚಾರ.

ನನ್ನ ಎದುರಿಗೆ ಅಲ್ಲಿನ ಮುದುಕಿ ಒಬ್ಬಾಕಿ ಕುಂತಿದ್ಲು. ಎಪ್ಪತ್ತೈದು ದಾಟಿರಬೇಕು. ಕೈಚೀಲದಿಂದ ಥರ್ಮಾಸ್ ತಗದು ಕಾಫಿ ಹಾಕ್ಕೊಂಡ್ಲು. ಕುಡಿದ್ಲು. ಸ್ವಲ್ಪ ಹೊತ್ತಿಗಿ ಮತ್ತ ಹಾಕ್ಕೊಂಡ್ಲು. ಬೆಟ್ಟ ನೋಡ್ಲಾಕ ಬಂದ ನಾನು ಬೆಟ್ಟ ಬಿಟ್ಟು ಅಕಿ ಕಪ್ಪು ಎಣಿಸ್ಲತ್ತಿದ್ದೆ. ಮೂರನೇ ಕಪ್ಪಿಗಿ ನನ್ನ ಜೀವ ಝಲ್ ಅಂತು. "ಯವ್ವಾ, ಇಕಿ ಮುಂದ ಹ್ಯಾಂಗ ಮಾಡ್ತಾಳ?" ಅಕಿ ಏನೂ ಮಾಡ್ಲಿಲ್ಲ. ಎದ್ದು ಹಿಂದಿನ ಬಾಗಿಲ ಕಡಿ ಹೋದ್ಲು, ಐದು ಮಿನಿಟಿಗಿ ಬಂದು ಕುಂತ್ಲು, ಕಿಟಕಿ ಹೊರಗ ನೋಡ್ಲತ್ತಿದ್ಲು. ಅಷ್ಟೇ.

ಮುಂದ ಹೋದಂಗ ನೀರಿನ ದಾರಿ ಸಣ್ಣದಾಯ್ತು. ಒಂದು ಕಡಿ ಬೆಟ್ಟದ ಮ್ಯಾಗಿನಿಂದ ನೀರು ಧುಮಕ್ತಿತ್ತು. ಬೋಟ ನಡೆಸಾಂವ ಅದರ ಬುಡಕ್ಕೇ ಒಯ್ದು ಹಚ್ಚಿದ. ಕೆಲಸದವ ಒಬ್ಬಾಂವ ಮುಂದ ನಿಂತು ಬಕೇಟು ಹಿಡಿದು ಆ ನೀರು ತುಂಬಿದ. ತುಂಬಿ, ಗಿಲಾಸಿನಾಗ ಹಾಕಿ ಎಲ್ಲಾರಿಗೂ ಕೊಡ್ಲತ್ತಿದ. ಬೆಟ್ಟದ ನೀರು, ರುಚಿ ನೋಡ್ರಿ ಅಂತ. ಎಲ್ಲಾರೂ ಕೈ ಚಾಚಿದ್ರು. ನನ್ನ ಮುಂದ ಬಂದಾಗ ನಾ ತಲಿ ಅಲ್ಲಾಡಿಸಿ "ಬ್ಯಾಡ" ಅಂದೆ.

ಬಾಯಿ ಒಣಗಿತ್ತು. ಬಿಟ್ಟಿ ನೀರು, ಅಮೃತದಂಥ ನೀರು, ಏಳು ಸಮುದ್ರ ದಾಟಿ ಅದನ್ನೇ ನೋಡ್ಲಾಕ ಬಂದಾಕಿ ನಾನು. ಬ್ಯಾಡ ಅಂದೆ.

ಯಾಕ ಬ್ಯಾಡ ಅಂದೆ ಅನ್ನೋದಕ್ಕ ನಮ್ಮ ವೈನಿ ಮಾತು ಹೇಳಬೇಕು.

ವೈನಿ ಅಂದ್ರ ಕಮಲಾಪುರದಾಗ ಇರೋ ನಮ್ಮಣ್ಣನ ಹೆಂಡ್ತಿ. ನನ್ನ ತವರು ಮನಿ ಅದೇ. ನಿಮಗೆಲ್ಲ ಗೊತ್ತಿರೋರೇ, ಕಮಲಾಪುರದ ಕೆಂಪು ಬಾಳಿಹಣ್ಣು ಬುಟ್ಟಿ ತುಂಬಾ ತಂದು ನಮ್ಮ ಓಣಿಗೆಲ್ಲ ಹಂಚಿ ಹೋಗೋರು. ಎರಡು ವರ್ಷದ ಹಿಂದ, ಶರಣಬಸವೇಶ್ವರ ಜಾತ್ರಿ ಮುಗಿದು ಬಿಸಿಲು ಏರ್ಲತ್ತಿದಾಗ, ನಾವು ಹನ್ನೆರಡು ಮಂದಿ ಹೆಣ್ಮಕ್ಕಳು ಕ್ರೂಸರ್ ಗಾಡಿ ಮಾಡ್ಕೊಂಡು ಒಂದು ದಿನದ ಮಟ್ಟಿಗಿ ಹೋಗಿದ್ವಿ. ಡ್ಯಾಮ್ ಇತ್ತು, ಗಾರ್ಡನ್ ಇತ್ತು, ಬೋಟೂ ಇತ್ತು. ಊರಿನ ಹೆಸರು ಬರಿಯಂಗಿಲ್ಲ, ಬರದ್ರ ಆ ಊರೊಂದೇ ಕೆಟ್ಟದ್ದು ಅಂದಂಗ ಆಗ್ತದ. ಗಾಡಿ ಮಾಡಿದಾಕಿ ನಾನು, ಬುತ್ತಿ ಯಾರು ಏನು ತರಬೇಕು ಅಂತ ಹಂಚಿದಾಕಿ ನಾನು. ಹಿಂದಿನ ದಿನ ರಾತ್ರಿ ಎಲ್ಲಾರಿಗೂ ಫೋನ ಮಾಡಿ, "ನೀರು ಕಡಿಮಿ ಕುಡಿದು ಬರ್ರಿ, ದಾರ್ಯಾಗ ಎಲ್ಲೂ ನಿಲ್ಲೂದಿಲ್ಲ" ಅಂತ ಹೇಳಿದಾಕಿನೂ ನಾನೇ. ಶ್ಯಾಣ್ಯಾತನ ಅಂತ ಹೇಳಿದ್ದೆ.

ಅಲ್ಲಿ ಸಂಡಾಸ ಇತ್ತು. ಹೊಸಾದೇ, ಬಣ್ಣ ಹಚ್ಚಿದ್ದು, ಬಾಗಿಲ ಮ್ಯಾಲ ಹೆಣ್ಣಿನ ಚಿತ್ರ. ಬಾಗಿಲಕ್ಕ ಕೀಲಿ. ಚಾವಿ ಯಾರ ಕಡಿ ಅದ ಅಂದ್ರ, ಅಂವ ಊಟಕ್ಕ ಹೋಗ್ಯಾನ ಅಂದ್ರು. ಸಂಜಿತನಕ ಅಂವ ಊಟ ಮುಗಿಸಲಿಲ್ಲ. ನಮ್ಮ ಗಾಡಿ ಡ್ರೈವರ್ ಗ್ವಾಡಿ ಹಿಂದ ಹೋಗಿ ಬಂದ. ನಾವು ಹೆಣ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ, ನಕ್ಕು, "ಮನಿಗೇ ಹೋದ್ರಾಯ್ತು ತಗೋ" ಅಂದ್ವಿ. ಬೋಟಿನಾಗ ಕುಂತ್ವಿ, ಫೋಟೋ ಹೊಡಕೊಂಡ್ವಿ. ವೈನಿ ಮುಂಜಾನೆ ಐದಕ್ಕ ಕಮಲಾಪುರ ಬಿಟ್ಟವ್ರು ರಾತ್ರಿ ಎಂಟಕ್ಕ ಮನಿ ಮುಟ್ಟಿದ್ರು. ಹದಿನೈದು ತಾಸು. ಅವರಿಗಿ ಸಕ್ಕರಿ ಬ್ಯಾನಿ ಬ್ಯಾರೆ ಅದ.

ಮೂರನೇ ದಿನಕ್ಕ ಅವರಿಗಿ ಚಳಿ ನಡುಕ ಜ್ವರ. ಬೆನ್ನು ನೋವು. ಬಿಸಿಲು ಬಡದದ ಅಂತ ಮನ್ಯಾಗ ಮಜ್ಜಿಗಿ, ಅಂಬಲಿ ಕೊಟ್ಟಾರ. ಐದನೇ ದಿನ ಮಾತು ತೊದಲಿತು. ಕಲಬುರಗಿ ದವಾಖಾನಿಗಿ ತಂದ್ವಿ. ಉರಿಮೂತ್ರದ ಸೋಂಕು ಕಿಡ್ನಿ ತನಕ ಏರ್ಯಾದ ಅಂದ್ರು ಡಾಕ್ಟರಮ್ಮ. ಆರು ದಿನ ಸಲಾಯಿನ್ ಹಚ್ಚಿ ಮಲಗಿಸಿದ್ರು. "ಭಾಳ ಹೊತ್ತು ತಡಕೊಂಡಿದ್ರೇನು? ನೀರು ಬಿಟ್ಟಿದ್ರೇನು?" ಅಂತ ಡಾಕ್ಟರಮ್ಮ ಕೇಳಿದಾಗ ವೈನಿ ಸುಮ್ಮ ಮಲಗಿದ್ರು. ಮಗ ಬಾಜೂಕ ನಿಂತಿದ್ದ. ಅಂವ ಔಷಧ ತರ್ಲಾಕ ಹೊರಗ ಹೋದ ಮ್ಯಾಲ ನನ್ನ ಕೈ ಹಿಡಿದು ಸಣ್ಣ ದನಿಲೆ ಅಂದ್ರು, "ನೀನೇ ಹೇಳಿದ್ದೆಲ್ಲ ತಂಗಿ, ನೀರು ಕಡಿಮಿ ಕುಡೀರಿ ಅಂತ."

ಸಿಟ್ಟಿಲೆ ಅಂದಿಲ್ಲ. ಹೇಳಿದಂಗ ಕೇಳೀನಿ ನೋಡು ಅಂತ ಅಂದಂಗಿತ್ತು. ಆ ಮಾತು ನನಗ ಇವತ್ತಿಗೂ ಚುಚ್ಚತದ. ಆರಾಮ ಆಗಿ ಮನಿಗಿ ಹೋದ ಮ್ಯಾಲ ಅವರು ಮತ್ತೊಂದು ಮಾತು ಅಂದ್ರು. "ಇನ್ನ ಮ್ಯಾಗ ನಾ ಎಲ್ಲಿಗೂ ಬರಂಗಿಲ್ಲ. ನೋಡಿದ್ದು ಸಾಕು." ಅರವತ್ತು ವರ್ಷದ ಹೆಣ್ಮಗಳು, ಮಕ್ಕಳ ಲಗ್ನ ಮುಗಿಸಿ ಈಗೀಗ ಹೊರಗ ಕಾಲಿಡ್ಲತ್ತಿದ್ದವ್ರು, ಒಂದು ಕೀಲಿ ಸಲುವಾಗಿ ಜಗತ್ತಿನ ಬಾಗಿಲಾನೇ ಹಾಕ್ಕೊಂಡ್ರು.

ನಾ ಬೋಟಿನಾಗ ಬ್ಯಾಡ ಅಂದಿದ್ದು ಕೈಗಿ ಹತ್ತಿದ ಹಳೀ ಚಟ. ಮಗಳಿಗಿ ವೈನಿ ಸುದ್ದಿ ಎಲ್ಲಾ ಗೊತ್ತು. ಅಕಿ ನನ್ನ ಕಿವಿ ಹತ್ತರ ಬಂದು, "ಅವ್ವಾ, ಕುಡಿ. ಹಿಂದ ಬಾಗಿಲ ಬಾಜೂಕೇ ಅದ, ಕೀಲಿ ಇಲ್ಲ" ಅಂದಳು. ಎರಡು ಗಿಲಾಸು ಕುಡಿದೆ. ಥಂಡಿ ಅಂದ್ರ ಥಂಡಿ, ಹಲ್ಲು ಜುಮ್ ಅಂದ್ವು. ಆಮ್ಯಾಲ ಹೋಗಿ ನೋಡಿ ಬಂದೆ. ಸಣ್ಣ ಖೋಲಿ, ಹಿಡಕೊಂಡು ಏಳ್ಲಾಕ ಗ್ವಾಡಿಗಿ ಹಿಡಿಕಿ, ಚೀಲ ತೂಗ ಹಾಕ್ಲಾಕ ಕೊಕ್ಕಿ, ನೆಲ ಒಣಗಿದ್ದು. ಸೀರಿ ಉಟ್ಟಾಕಿಗಿ ಒಣ ನೆಲ ಅಂದ್ರ ಏನು ಅನ್ನೋದು ನಿಮಗ ಬಿಡಿಸಿ ಹೇಳಬೇಕಿಲ್ಲ. ಒಂದೇ ಕೊರತಿ, ನೀರಿಲ್ಲ, ಬರೀ ಕಾಗದ! ಸುತ್ತ ನೀರೇ ನೀರು, ಅಲ್ಲಿ ಮಾತ್ರ ನೀರಿಲ್ಲ. ಅದಕ್ಕ ನಾ ಚೀಲದಾಗ ಸಣ್ಣ ಬಾಟಲಿ ಇಟ್ಟುಕೊಂಡೇ ತಿರಗೀನಿ. ಅವರ ರೂಢಿ ಅವರಿಗಿ, ನಮ್ಮದು ನಮಗ.

ಬಂದು ಕುಂತ ಮ್ಯಾಲ ಬೆಟ್ಟ ಕಾಣಸ್ತು. ಖರೇ ಹೇಳ್ತೀನಿ, ಅದಕ್ಕೂ ಮೊದಲು ಒಂದೂವರಿ ತಾಸು ನಾ ಏನೂ ನೋಡಿರಲಿಲ್ಲ. ತಡಕೊಂಡ ಮೈ ಏನು ನೋಡ್ತದ್ರಿ? ಗಡಿಯಾರ ನೋಡ್ತದ. ನಾವು ಇಷ್ಟು ವರ್ಷ ಎಷ್ಟು ಗುಡಿ, ಎಷ್ಟು ಕ್ವಾಟಿ, ಎಷ್ಟು ಹೊಳಿ ಹಿಂಗೇ ನೋಡಿ ಬಂದೀವಿ ಅಂತ ಅನಸ್ತು. ರೊಟ್ಟಿ ಬಿಚ್ಚಿ ಎದುರಿನ ಮುದುಕಿಗೂ ಒಂದು ತುಣುಕು ಹಿಂಡಿ ಹಚ್ಚಿ ಕೊಟ್ಟೆ. ಖಾರಕ್ಕ ಕಣ್ಣಾಗ ನೀರು ಬಂತು, ಮತ್ತ ಕಾಫಿ ಕುಡಿದ್ಲು, ನಾಲ್ಕನೇ ಕಪ್ಪು. ತಿರುಗಿ ಅಕಿ ನನಗ ತಮ್ಮ ಕಂದು ಬಣ್ಣದ ಚೀಸ್ ಕೊಟ್ಟಳು. ಹಾಲು ಒಡದ ಮ್ಯಾಲ ಉಳಿಯೋ ನೀರನ್ನೇ ಕುದಿಸಿ ಕುದಿಸಿ ಮಾಡ್ತಾರಂತ. ನಮ್ಮ ಖೋವಾ ಸ್ವಲ್ಪ ಉಪ್ಪು ಬಿದ್ದಂಗ ಅದ. ಚಲೋ ಇತ್ತು.

ಮಧ್ಯಾಹ್ನ ಬಂದು ಊರಾಗ ನಡದ್ವಿ. ಬಂದರದ ದಂಡಿಗಿ ಬ್ರಿಗ್ಗನ್ ಅಂತ ಹಳೀ ಕಟಗಿ ಮನಿಗಳ ಸಾಲು. 1979 ರಾಗ ಯುನೆಸ್ಕೋದವ್ರು ಅದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸ್ಯಾರ. 1360 ರ ಸುಮಾರಿಗಿ ಜರ್ಮನಿ ವ್ಯಾಪಾರಿಗಳು ಬಂದು ಅಲ್ಲಿ ಪೇಟಿ ಹಾಕಿ, ಬಡಗಣದ ಒಣ ಮೀನ ತಗೊಂಡು ಕಾಳು ಕೊಡ್ತಿದ್ರು. ನಮ್ಮ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿ ಆಗಿ ಮೆರೀತಿದ್ದ ಕಾಲ ಅದು. ಆ ಓಣ್ಯಾಗ ಬರೇ ಗಂಡಸ್ರು ಇರ್ತಿದ್ರು, ಲಗ್ನ ಆಗಂಗಿರಲಿಲ್ಲ. ಕಟಗಿ ಮನಿಗಿ ಬೆಂಕಿ ಅಂಜಿಕಿ ಅಂತ ಮನಿ ಒಳಗ ಒಲಿ ಹಚ್ಚಂಗಿರಲಿಲ್ಲ, ಅಡಿಗಿಗಿ, ಮೈ ಕಾಸ್ಕೊಳ್ಳಾಕ ಹಿಂದ ಬ್ಯಾರೆ ಕಟ್ಟಡ. ಇಷ್ಟು ಮಾಡಿದ್ರೂ 1702 ರಾಗ ಬೆಂಕಿ ಬಿದ್ದು ಸುಟ್ಟಿತು, ಹಳೀ ಬುನಾದಿ ಮ್ಯಾಲೇ ಮತ್ತ ಕಟ್ಟಿದ್ರು.

ಆ ಸಂದಿನಾಗ ನಿಂತು ನನಗ ಒಂದು ಮಾತು ಹೊಳೀತು. ಮಂದಿ ಯಾವುದಕ್ಕ ಅಂಜತಾರ, ಅದರ ವ್ಯವಸ್ಥಾ ಮೊದಲು ಮಾಡ್ತಾರ. ಅವರಿಗಿ ಬೆಂಕಿ ಅಂಜಿಕಿ, ಒಲಿಗಿ ಬ್ಯಾರೆ ಮನಿ ಕಟ್ಟಿದ್ರು. ನಮಗ ಹಸಿವಿನ ಅಂಜಿಕಿ, ಎಲ್ಲಿಗಿ ಹೊಂಟ್ರೂ ಮೊದಲ ಪ್ರಶ್ನಿ "ಬುತ್ತಿಗಿ ಏನು?" ಹನ್ನೆರಡು ಮಂದಿಗಿ ನಲವತ್ತು ರೊಟ್ಟಿ, ಎರಡು ಪಲ್ಯ, ಮೊಸರನ್ನ, ಚೂಡಾ, ಎಲ್ಲಾ ಲೆಕ್ಕ ಹಾಕಿದ್ದೆ ನಾನು. ಉಂಡ ಮ್ಯಾಲ, ಕುಡಿದ ಮ್ಯಾಲ ಮೈ ಏನು ಕೇಳ್ತದ ಅನ್ನೋ ಲೆಕ್ಕ ಹಾಕ್ಲಿಲ್ಲ. ಯಾಕಂದ್ರ ಅದರ ಅಂಜಿಕಿ ನಾವು ನಾವೇ ನುಂಗೀವಿ, ಹೊರಗ ಆಡಿಲ್ಲ. ಆಡದ ಅಂಜಿಕಿಗಿ ಯಾರು ವ್ಯವಸ್ಥಾ ಮಾಡ್ತಾರ?

ಸಂಜಿ ಮುಂದ ಹಗ್ಗದ ರೈಲಿನಾಗ ಫ್ಲೋಯೆನ್ ಅನ್ನೋ ಬೆಟ್ಟ ಏರಿದ್ವಿ. 1918 ರಿಂದ ಓಡ್ಲತ್ತದಂತ ಆ ರೈಲು, 320 ಮೀಟರ್ ಮ್ಯಾಗ ಒಯ್ದು ಬಿಡ್ತದ. ಇಳಿಯೋವಾಗ ನಡ್ಕೊಂತ ಇಳದ್ವಿ. ದಾರಿ ತುಂಬಾ ನನ್ನ ವಯಸ್ಸಿನ, ನನಗಿಂತ ದೊಡ್ಡ ವಯಸ್ಸಿನ ಹೆಣ್ಮಕ್ಕಳು, ಕೈಯಾಗ ಕೋಲು, ಬೆನ್ನಿಗಿ ಚೀಲ. ಅಡವಿ, ಬೆಟ್ಟದಾಗ ಯಾರ ಬೇಕಾದವ್ರು ನಡೀಬಹುದು ಅಂತ ಅಲ್ಲಿ 1957 ರಿಂದ ಕಾಯ್ದಾನೇ ಅದ. ಸುಮ್ಮ ನಡೀಲಾಕ ಬಂದಾರ. ಹಾಲು ತರ್ಲಾಕಲ್ಲ, ದೇವರಿಗಿ ಹರಕಿ ಅಲ್ಲ, ಡಾಕ್ಟರ್ ಹೇಳ್ಯಾರ ಅಂತಲೂ ಅಲ್ಲ.

ನಮ್ಮ ಕಾಲ್ನಡಗಿ ನೆನಪಾಯ್ತು ನನಗ. ನಾ ಸಣ್ಣಾಕಿ ಇದ್ದಾಗ ಕಮಲಾಪುರದಾಗ ಮನಿಗೋಳಿಗಿ ಸಂಡಾಸ ಇರಲಿಲ್ಲ. ನಸಕಿನಾಗ ಕತ್ತಲಿರ್ತ ಅವ್ವ, ಆಯಿ, ದೊಡ್ಡವ್ವ, ಓಣಿ ಹೆಣ್ಮಕ್ಕಳೆಲ್ಲ ಚರಗಿ ಹಿಡ್ಕೊಂಡು ಹುಮನಾಬಾದ ರಸ್ತಾದ ಕಡಿ ಹೋಗ್ತಿದ್ವಿ. ಲಾರಿದು ಬೆಳಕು ಬಿತ್ತಂದ್ರ ಎಲ್ಲಾರೂ ಗಪ್ಪನ ಎದ್ದು ನಿಲ್ಲೋದು. ದಾಟಿದ ಮ್ಯಾಲ ಕೂಡೋದು. ಮತ್ತ ಲಾರಿ, ಮತ್ತ ಎದ್ದು ನಿಲ್ಲೋದು. ಹಗಲೆಲ್ಲ ತಡಕೊಂಡು ಮತ್ತ ಕತ್ತಲಾಗೋ ದಾರಿ ಕಾಯೋದು. ತಡಕೊಳ್ಳೋಕಿ ಶ್ಯಾಣ್ಯಾಕಿ, ಕೇಳೋಕಿ ನಾಚಿಕಿಗೇಡಿ. ಇದು ನಮಗ ಯಾರೂ ಬಾಯಿಬಿಟ್ಟು ಕಲಿಸಿಲ್ಲ. ಎದ್ದು ನಿಂತು ಕೂತು ಕಲ್ತೀವಿ. ಈಗ ಮನ್ಯಾಗ ಸಂಡಾಸ ಅದ. ಆದ್ರ ಹೊಸ್ತಿಲು ದಾಟಿದ ಕೂಡ್ಲೇ ನಾವು ಇನ್ನಾ ಆ ರಸ್ತಾದ ಬಾಜೂಕೇ ನಿಂತೀವಿ.

ಡಾಕ್ಟರಮ್ಮ ನನಗ ಹೇಳಿದ್ದು ಇಲ್ಲಿ ಹೇಳಿಬಿಡ್ತೀನಿ. ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ ಉದ್ದ, ಗಂಡಸ್ರದು ಅದಕ್ಕಿಂತ ಭಾಳ ಉದ್ದ. ಅದಕ್ಕ ರೋಗದ ಹುಳ ಒಳಗ ಏರೋದು ನಮಗ ಸಸಾರ. ನೀರು ಕುಡಿದು ಹೊರಗ ಹಾಕಿದ್ರ ಅವು ತೊಳಕೊಂಡು ಹೋಗ್ತಾವ. ನೀರು ಬಿಟ್ಟು ತಡಕೊಂಡ್ರ ಅಲ್ಲೇ ಬೆಳೀತಾವ. ಸಕ್ಕರಿ ಬ್ಯಾನಿ ಇದ್ದವ್ರಿಗಿ, ಮುಟ್ಟು ನಿಂತ ವಯಸ್ಸಿನವ್ರಿಗಿ, ಬಸುರಿ ಹೆಣ್ಮಕ್ಕಳಿಗಿ ಇನ್ನಷ್ಟು ಹುಷಾರಿ ಬೇಕು. ಉರಿ ಅನಸಿದ್ರ, ಮತ್ತ ಮತ್ತ ಹೋಗಬೇಕು ಅನಸಿದ್ರ ತಡಾ ಮಾಡಬ್ಯಾಡ್ರಿ. ಚಳಿಜ್ವರ, ಬೆನ್ನು ನೋವು ಬಂದ್ರಂತೂ ಮಜ್ಜಿಗಿ ಅಂಬಲಿ ಅನಕೊಂತ ಕೂಡದೆ ಆ ದಿನವೇ ದವಾಖಾನಿಗಿ ಹೋಗ್ರಿ.

ನಾ ಇದನ್ನೆಲ್ಲ ಮನ್ಯಾಗ ಹೇಳಿದಾಗ ಎರಡು ಮಾತು ಬಂದ್ವು. ನಮ್ಮ ಮನಿಯವ್ರು ಅಂದ್ರು, "ಅದು ರೊಕ್ಕದ ದೇಶ. ಸಮುದ್ರದಾಗ ಎಣ್ಣಿ ಸಿಕ್ಕದ ಅವರಿಗಿ. ಇಡೀ ದೇಶದಾಗ ಮಂದಿ 55 ಲಕ್ಷ ಇಲ್ಲ ಅದಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಕರ್ನಾಟಕ ಒಂದರಾಗೇ 6 ಕೋಟಿ ಮ್ಯಾಲ." ಖರೇ ಅದ. ಅಲ್ಲೂ ಎಲ್ಲಾ ಕಡಿ ಬಿಟ್ಟಿ ಇಲ್ಲ, ಕೆಲವು ಕಡಿ 10, 20 ಕ್ರೋನರ್ ಕೊಡಬೇಕು. ಒಂದು ಕ್ರೋನರಿಗಿ 8 ರೂಪಾಯಿ ಹಿಡಿದ್ರೂ 160 ರೂಪಾಯಿ ಆಯ್ತು, ಕೊಡೋವಾಗ ನನ್ನ ಕರಳು ಕಿತ್ತು ಬಂತು. ಆದ್ರ ನಾವು ಹೋದ ಊರಾಗ ಸಂಡಾಸ ಕಟ್ಟಲಾಕ ರೊಕ್ಕ ಸಾಲಲಿಲ್ಲೇನು? ಕಟ್ಟಿದ್ರು, ಬಣ್ಣ ಹಚ್ಚಿದ್ರು. ಚಾವಿ ಒಂದು ಬಾಗಿಲ ಹತ್ತರ ಇಡ್ಲಾಕ ಸಮುದ್ರದಾಗ ಎಣ್ಣಿ ಸಿಗಬೇಕೇನ್ರಿ?

ಎರಡನೇ ಮಾತು ನಮ್ಮ ಅತ್ತಿದು. "ನಾವು ಎಳ್ಳ ಅಮಾಸಿಗಿ ಬಂಡಿ ಹೂಡಿ ಹೊಲಕ್ಕ ಹೋಗಿ, ಚರಗ ಚೆಲ್ಲಿ, ಭಜ್ಜಿ ಕಡಬು ಉಂಡು ಸಂಜಿಗಿ ಬರ್ತಿದ್ವಿ. ನಮಗೇನಾಯ್ತು?" ಅತ್ತಿ, ನಿಮ್ಮ ಹೊಲದಾಗ ಜ್ವಾಳ ಆಳೆತ್ತರ ನಿಂತಿರ್ತಿತ್ತು, ತೊಗರಿ ಮರಿ ಇರ್ತಿತ್ತು, ಹೊಲ ನಿಮ್ಮದೇ ಇತ್ತು. ಈಗ ನಾವು ಹೋಗೋ ಕಡಿ ಬರೀ ಫರಸಿ ಹಾಸಿದ ಬೈಲು, ಸುತ್ತ ಮಂದಿ, ಮಂದಿ ಕೈಯಾಗ ಫೋನು. ಮತ್ತ "ನಮಗೇನಾಯ್ತು" ಅನ್ನೋ ಮಾತೂ ಪೂರ್ತಿ ಖರೇ ಅಲ್ಲ. ಆದವ್ರು ಹೇಳಲಿಲ್ಲ, ಅಷ್ಟೇ. ನಮ್ಮ ವೈನಿ ಡಾಕ್ಟರ್ ಮುಂದೇ ಹೇಳಲಿಲ್ಲ.

2023 ರ ಜೂನ್ 11 ರಿಂದ ಶಕ್ತಿ ಯೋಜನಾ ಬಂದು ನಮಗೆಲ್ಲ ಬಸ್ಸು ಬಿಟ್ಟಿ ಆಯ್ತು. ಅಲ್ಲಿತನಕ ಗಾಣಗಾಪುರ ನೋಡದ ನಮ್ಮ ಓಣಿ ಹೆಣ್ಮಕ್ಕಳು ಶೂನ್ಯ ಟಿಕೇಟ ಹಿಡಿದು ಹೋಗಿ ಬಂದಾರ. ರೊಕ್ಕ ಕೇಳದೆ, ಯಾರ ಮುಖ ನೋಡದೆ ಹೊರಗ ಕಾಲಿಟ್ಟೀವಿ. ಇದು ಸಣ್ಣ ಮಾತಲ್ಲ. ಆದ್ರ ಬಸ್ಸು ಏರಿಸಿದ ಮ್ಯಾಲ ಇಳದ ಕಡಿ ಒಂದು ತೆರೆದ ಬಾಗಿಲು ಇಲ್ಲಂದ್ರ ಆ ಟಿಕೇಟ ಅರ್ಧಾ ದಾರಿದ್ದು.

ಅದಕ್ಕ ನಾ ಏನು ಮಾಡಬೇಕಂತ ಠರಾವು ಮಾಡೀನಿ, ನಿಮಗೂ ಹೇಳ್ತೀನಿ. ಇನ್ನ ಮ್ಯಾಗ ಗಾಡಿ ಮಾಡೋವಾಗ ಡ್ರೈವರಿಗಿ ಮೊದಲ ಮಾತೇ ಇದು: "ಎರಡು ತಾಸಿಗೊಮ್ಮಿ ನಿಲ್ಲಬೇಕು, ಎಲ್ಲಿ ನಿಲ್ತಿ ಈಗೇ ಹೇಳು." ಹುಡುಗ ತಮ್ಮನಂಥಾಂವ ಇರ್ತಾನ, ಅವಗೂ ಮನ್ಯಾಗ ಅಕ್ಕತಂಗ್ಯಾರು ಇರ್ತಾರ, ನಾಚಿಕಿ ಪಡೋದೇನದ? ಹೋಗೋ ಜಾಗಾಕ್ಕ ಮೊದಲು ಹೋಗಿ ಬಂದವ್ರಿಗಿ "ಹೂವಿನ ಗಿಡ ಅವ ಏನು" ಅಂತ ಕೇಳೋ ಮೊದಲು "ಹೆಣ್ಮಕ್ಕಳಿಗಿ ಸಂಡಾಸ ಅದ ಏನು, ಕೀಲಿ ತೆಗದಿರ್ತಾರೇನು" ಅಂತ ಕೇಳೋದು. ಐದು ಹತ್ತು ರೂಪಾಯಿ ಕೇಳಿದ್ರ ವಟವಟ ಅನ್ನದೆ ಕೊಡೋದು, ಆ ರೊಕ್ಕಕ್ಕ ನೀರು, ಚಿಲಕ, ದೀಪ ಇರಬೇಕಂತ ಜೋರು ಮಾಡಿ ಕೇಳೋದು. ಕೀಲಿ ಇತ್ತಂದ್ರ ಒಬ್ಬರ ಮುಖ ಒಬ್ಬರು ನೋಡಿ ನಗೋದು ಬ್ಯಾಡ. ಹನ್ನೆರಡೂ ಮಂದಿ ಕೂಡಿ ಟಿಕೇಟ ಕೊಡೋ ಖೋಲಿ ಮುಂದ ಹೋಗಿ ನಿಲ್ಲೋದು. ಚಾವಿ ಬರೋತನಕ ನಿಲ್ಲೋದು. ಆ ದಿನ ನಾವು ಹಂಗ ನಿಂತಿದ್ರ ಊಟಕ್ಕ ಹೋದಾಂವ ಕೈ ತೊಳಕೊಳ್ಳದೆ ಓಡಿ ಬರ್ತಿದ್ದ ಅಂತ ನನಗ ಖಾತ್ರಿ ಅದ. ಮತ್ತ ಮನ್ಯಾಗಿನ ಹೆಣ್ಣು ಹುಡುಗ್ರಿಗಿ "ತಡಕೋ, ಮನಿಗಿ ಹೋಗಿ ಹೋಗುವಂತಿ" ಅನ್ನೋ ಮಾತು ಬಿಡ್ರಿ. ನಮ್ಮ ಜೋಡಿಗೇ ಮುಗೀಲಿ ಅದು.

ದೂರದ ಫಿಯೋರ್ಡ್ ನೋಡಿ ಬಂದೀನಿ ಅಂತ ಹೇಳ್ಕೊಳ್ಳೋ ನನಗ ನಮ್ಮೂರ ಕ್ವಾಟಿ ನೋಡಿ ಇಪ್ಪತ್ತು ವರ್ಷ ಆಯ್ತು. ಅದಕ್ಕ ಶ್ರಾವಣದಾಗ ಒಂದು ದಿನ ಇಲ್ಲೇ ಕಲಬುರಗಿಯಾಗ ನಡಿಗಿ ಇಟ್ಟೀನಿ. ಮುಂಜಾನೆ ಕ್ವಾಟಿ, ಅದರ ಕಂದಕ, ಒಳಗ 1367 ರ ಜಾಮಿಯಾ ಮಸೀದಿ. ನಡುವ ತೆರೆದ ಅಂಗಳ ಇಲ್ಲದೆ ಪೂರಾ ಗುಮ್ಮಟದ ಮಾಳಗಿ ಹಾಕಿದ ಅಂಥಾ ಮಸೀದಿ ದೇಶದಾಗ ಭಾಳ ಕಡಿಮಿ. ಆಮ್ಯಾಲ ಬಹಮನಿ ಸುಲ್ತಾನರ ಗೋರಿಗಳಿರೋ ಹಫ್ತ ಗುಂಬಜ್. ಸಂಜಿಗಿ ಶರಣಬಸವೇಶ್ವರ ಗುಡಿ, ಬಾಜೂಕ ಅಪ್ಪನ ಕೆರಿ. ಬೋಟ ನಡದಿದ್ರ ಬೋಟು, ಇಲ್ಲಂದ್ರ ಕೆರಿ ದಂಡಿಗಿ ಕಾಲ್ನಡಗಿ. ಹಿಂದಿನ ದಿನ ನಾನೇ ಖುದ್ದ ಹೋಗಿ ಎಲ್ಲೆಲ್ಲಿ ಬಾಗಿಲು ತೆಗದದ, ಎಲ್ಲಿ ನೀರು ಬರ್ತದ ನೋಡಿ ಬರ್ತೀನಿ. ನೋಡಿದ್ದು ನಿಮಗೆಲ್ಲ ಫೋನ ಮಾಡಿ ಹೇಳ್ತೀನಿ.

ವೈನಿಗಿ ನಿನ್ನಿ ಸಂಜಿಗಿ ಫೋನ ಮಾಡಿದ್ದೆ. ಬೋಟು, ಬೆಟ್ಟದ ನೀರು, ಮುದುಕಿ ಕಾಫಿ ಎಲ್ಲಾ ಹೇಳಿದೆ. ಕೇಳಿ ನಕ್ಕರು. ನಾ ಅಂದೆ, "ವೈನಿ, ಆವತ್ತು ನೀರು ಕುಡೀಬ್ಯಾಡ್ರಿ ಅಂದಿದ್ದು ನನ್ನ ತಪ್ಪು." ಅಕಡಿಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮ್ಯಾಲ, "ನಿಂದೊಬ್ಬಾಕಿದೇ ಏನು, ನನಗೂ ಹಂಗೇ ಕಲಿಸಿದ್ರು ಬಿಡು" ಅಂದ್ರು. ಶ್ರಾವಣದ ನಡಿಗಿ ಸುದ್ದಿ ಹೇಳಿದೆ. ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ಫೋನ ಇಡೋ ಮುಂದ ಕೇಳಿದ್ರು, "ನೀರಿನ ಬಾಟಲಿ ಸಣ್ಣದು ತರ್ಲೋ ದೊಡ್ಡದು ತರ್ಲೋ?"

"ದೊಡ್ಡದೇ ತರ್ರಿ ವೈನಿ" ಅಂದೆ.

ನೀವೂ ದೊಡ್ಡದೇ ತರ್ರಿ.